ಬೆಂಗಳೂರು ನಾಗರತ್ನಮ್ಮ: ಬದುಕು ಮತ್ತು ಮೂರು ವಾಗ್ವಾದಗಳು

ದಕ್ಷಿಣ ಭಾರತದ ಸಂಗೀತ ಚರಿತ್ರೆಯಲ್ಲಿ ಬೆಂಗಳೂರು ನಾಗರತ್ನಮ್ಮ (1878–1952) ಅವರ ಹೆಸರು ತಿರುವೈಯಾರಿನ ತ್ಯಾಗರಾಜ ಸಮಾಧಿಯೊಂದಿಗೆ ಬೆಸೆದುಕೊಂಡಿದೆ. ಪರಮಭಕ್ತೆ ಎಂಬ ಈ ಒಂದು ಚಿತ್ರದ ಹಿಂದೆ ಅವರ ಗ್ರಂಥಸಂಪಾದನೆಯ ಕಾರ್ಯವೂ, ದೇವದಾಸಿ ಸಮುದಾಯದ ಪರವಾಗಿ ಅವರು ತಳೆದ ನಿಲುವೂ ಮರೆಯಾಗಿವೆ. ಹೆಣ್ಣು ಏನನ್ನು ಬರೆಯಬೇಕು, ಎಲ್ಲಿ ಹಾಡಬೇಕು, ಯಾವ ಹೆಸರಿನಿಂದ ಗುರುತಿಸಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಅವರ ಬದುಕಿನ ಮೂರು ಮುಖ್ಯ ವಿವಾದಗಳಲ್ಲಿಯೂ ಎದುರಾಗುತ್ತದೆ.

ನಾಗರತ್ನಮ್ಮನವರು ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಜನಿಸಿದರು. ತಂದೆಯ ಆಸರೆ ದೊರೆಯದಿದ್ದ ಮಗಳನ್ನು ತಾಯಿ ಪುಟ್ಟಲಕ್ಷ್ಮಿ ವಿದುಷಿಯನ್ನಾಗಿಸುವ ಸಂಕಲ್ಪದಿಂದ ಬೆಳೆಸಿದರು. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರಲ್ಲಿ ಸಂಸ್ಕೃತ ಶಿಕ್ಷಣ ದೊರೆಯಿತು. ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸ ನಡೆಯಿತು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಪರಿಶ್ರಮವಿದ್ದ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿಗೆ ತೆರಳಿ, ಅಲ್ಲಿನ ಅಗ್ರಮಾನ್ಯ ಗಾಯಕಿಯರಲ್ಲಿ ಒಬ್ಬರಾದರು.

ಮೊದಲ ವಾಗ್ವಾದ ಒಂದು ಕಾವ್ಯವನ್ನು ಕುರಿತದ್ದು. ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ (ಆಳ್ವಿಕೆ 1739–1763) ಆಸ್ಥಾನದಲ್ಲಿದ್ದ ಮುದ್ದುಪಳನಿ ರಚಿಸಿದ ತೆಲುಗು ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’. ಇಳೆಯನ್ನು ಸಾಕಿ ಬೆಳೆಸಿ ಕೃಷ್ಣನಿಗೆ ಮದುವೆ ಮಾಡಿಕೊಟ್ಟ ರಾಧೆಯ ವಿರಹ, ಕೋಪ ಮತ್ತು ಆಕೆಯನ್ನು ಕೃಷ್ಣ ಸಂತೈಸುವುದು ಇದರ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾದ ಪಠ್ಯದಲ್ಲಿ ಕವಯಿತ್ರಿಯ ವಂಶವನ್ನು ತಿಳಿಸುವ ಭಾಗವನ್ನೂ ಕೆಲವು ಶೃಂಗಾರ ಪದ್ಯಗಳನ್ನೂ ಕೈಬಿಡಲಾಗಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯೊಂದನ್ನು ಪಡೆದು, ಅದರೊಡನೆ ಮುದ್ರಿತ ಪಾಠವನ್ನು ಹೋಲಿಸಿ, ಬಿಟ್ಟುಹೋದುದನ್ನು ಮರಳಿ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಿಸಿದರು. ವಂಶದ ಭಾಗ ಇಲ್ಲವಾದಾಗ ಅಜ್ಜಿ–ತಾಯಿಯರ ಪರಂಪರೆಯಲ್ಲಿ ತನ್ನನ್ನು ಪರಿಚಯಿಸಿಕೊಂಡ ಕವಯಿತ್ರಿಯ ಗುರುತೇ ಅಳಿದುಹೋಗಿತ್ತು. ಆದ್ದರಿಂದ ಇಲ್ಲಿನ ಪಾಠಪರಿಷ್ಕರಣವನ್ನು ಕೇವಲ ಶಾಸ್ತ್ರೀಯ ಕ್ರಿಯೆಯೆಂದು ಪರಿಗಣಿಸಲಾಗದು.

ವಿಧವಾ ವಿವಾಹ ಹಾಗೂ ಸ್ತ್ರೀಶಿಕ್ಷಣಕ್ಕಾಗಿ ದುಡಿದ ಕಂದುಕೂರಿ ವೀರೇಶಲಿಂಗಂ ಅವರು ಈ ಕಾವ್ಯದ ಕೆಲವು ಭಾಗಗಳು ಸ್ತ್ರೀಯರು ಕೇಳುವುದಕ್ಕೂ ಯೋಗ್ಯವಲ್ಲವೆಂದು ತೀರ್ಮಾನಿಸಿದ್ದರು. ಕವಯಿತ್ರಿಯ ಕುಲವೂ ಅವರ ಆಕ್ಷೇಪದ ಭಾಗವಾಗಿತ್ತು. ನಾಗರತ್ನಮ್ಮನವರು ಪೀಠಿಕೆಯಲ್ಲಿ ಇದನ್ನು ನೇರವಾಗಿ ಎದುರಿಸಿದರು. ನಾಚಿಕೆಯೆಂಬ ಗುಣವನ್ನು ಹೆಣ್ಣಿಗೆ ಮಾತ್ರ ಆರೋಪಿಸುವುದು ಅವರ ಮೊದಲ ತಕರಾರು. ಇಷ್ಟೇ ಅಥವಾ ಇನ್ನೂ ಹೆಚ್ಚಿನ ಶೃಂಗಾರವುಳ್ಳ ‘ವೈಜಯಂತೀ ವಿಲಾಸಮು’ವನ್ನು ವೀರೇಶಲಿಂಗಂ ಅವರೇ ಪರಿಷ್ಕರಿಸಿದ್ದು ಅವರು ಒಡ್ಡಿದ ಸಾಕ್ಷ್ಯ. ಆದರೂ 1911ರಲ್ಲಿ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಪಂಡಿತರ ಮನವಿಗಳು ಫಲಿಸದೆ ಕೃತಿ ನಿಷೇಧಕ್ಕೊಳಗಾಯಿತು. ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊಸ್ತಿಲವರೆಗೆ ಕಾಯಬೇಕಾಯಿತು.

ಎರಡನೆಯ ವಾಗ್ವಾದ ಇನ್ನೂ ಸಂಕೀರ್ಣವಾದುದು. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವಾಲಯಗಳಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವ ಪದ್ಧತಿಯ ವಿರುದ್ಧ ಮದರಾಸು ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದಾಗ ಸಂಘಟಿತರಾಗಿ ವಿರೋಧಿಸಿದ ದೇವದಾಸಿಯರ ಮುಂಚೂಣಿಯಲ್ಲಿ ನಾಗರತ್ನಮ್ಮನವರಿದ್ದರು. ದೇವದಾಸಿಯನ್ನು ವೇಶ್ಯೆಯೊಂದಿಗೆ ಸಮೀಕರಿಸುವುದು ವಿದ್ಯಾವಂತ ಸಮುದಾಯಕ್ಕೆ ಮಾಡುವ ಅವಮಾನ. ಬೇಕಾದದ್ದು ನಿಷೇಧವಲ್ಲ, ಶಿಕ್ಷಣ ಎಂಬುದು ಈ ಸ್ತ್ರೀಯರ ವಾದವಾಗಿತ್ತು. ಸ್ವತಃ ದೇವದಾಸಿ ಮನೆತನದ ತಾಯಿಯ ಮಗಳಾಗಿದ್ದ ಮುತ್ತುಲಕ್ಷ್ಮಿಯವರಿಗಾದರೋ, ಒಪ್ಪಿಗೆ ಕೊಡುವ ವಯಸ್ಸೇ ಆಗದ ಬಾಲಕಿಯರ ಭವಿಷ್ಯ ಮುಖ್ಯವಾಗಿತ್ತು. ಇದನ್ನು ಪ್ರಗತಿ ಮತ್ತು ಸಂಪ್ರದಾಯಗಳ ಸಂಘರ್ಷವೆಂದು ಸರಳಗೊಳಿಸಲಾಗದು. ನಾಗರತ್ನಮ್ಮನವರ ವಾದ ವಿದುಷಿಯರ ಘನತೆಯನ್ನು ಎತ್ತಿಹಿಡಿಯಿತು. ಆದರೆ ಬಡ ಬಾಲಕಿಯ ಪ್ರಶ್ನೆಗೆ ಅದರಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಮದರಾಸಿನಲ್ಲಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1947ರಲ್ಲಿ ಬಂದಿತು.

ಮೂರನೆಯ ವಾಗ್ವಾದದ ನೆಲೆ ತಿರುವೈಯಾರು. ಕಾವೇರಿ ದಂಡೆಯಲ್ಲಿ ಶಿಥಿಲವಾಗಿದ್ದ ತ್ಯಾಗರಾಜರ ಸಮಾಧಿಯ ಸ್ಥಿತಿ ತಿಳಿದ ನಾಗರತ್ನಮ್ಮನವರು ಸ್ವಂತ ಸಂಪಾದನೆಯಿಂದ ಭೂಮಿ ಪಡೆದು 1920ರ ದಶಕದಲ್ಲಿ ಗುಡಿ ಕಟ್ಟಿಸಿದರು. ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಅವಕಾಶವಿರಲಿಲ್ಲ. ಆರಾಧನೆ ನಡೆಸುತ್ತಿದ್ದ ‘ಪೆರಿಯ ಕಟ್ಚಿ’, ‘ಚಿನ್ನ ಕಟ್ಚಿ’ ಎಂಬ ಎರಡು ಬಣಗಳೂ ಸ್ತ್ರೀಯರ ಗಾಯನಕ್ಕೆ ಎಡೆಗೊಟ್ಟಿರಲಿಲ್ಲ. ಅವರು ಅನುಮತಿಗಾಗಿ ಕಾಯದೆ ಮಹಿಳೆಯರದೇ ಮೂರನೆಯ ಬಣವನ್ನು ಕಟ್ಟಿ ಪ್ರತ್ಯೇಕವಾಗಿ ಆರಾಧನೆ ನಡೆಸಿದರು. 1940ರ ವೇಳೆಗೆ ಬಣಗಳು ಒಂದುಗೂಡಿ, ಸ್ತ್ರೀಯರಿಗೂ ಹಾಡುವ ಅವಕಾಶ ದೊರೆಯಿತು.

ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲಿಯೇ ಕಳೆದ ಅವರು ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟು 1952ರ ಮೇ 19ರಂದು ನಿಧನರಾದರು. ಅವರ ಸಮಾಧಿ ತ್ಯಾಗರಾಜರ ಸಮಾಧಿಗೆ ಎದುರಾಗಿಯೇ ಇದೆ. ‘ರಾಧಿಕಾ ಸಾಂತ್ವನಮು’ ವಾವಿಳ್ಳ ಸಂಸ್ಥೆಯಿಂದ ಮರುಮುದ್ರಣವಾದದ್ದೂ ಅದೇ ವರ್ಷ.

ನಂಜನಗೂಡಿನಲ್ಲಿ ಹುಟ್ಟಿ, ತೆಲುಗು ಕಾವ್ಯವನ್ನು ಸಂಪಾದಿಸಿ, ತಮಿಳುನಾಡಿನಲ್ಲಿ ನೆಲೆಸಿ, ಬೆಂಗಳೂರನ್ನು ಹೆಸರಿನೊಡನೆ ಉಳಿಸಿಕೊಂಡ ಈ ವಿದುಷಿಯ ಬದುಕು ಭಾಷಾವಾರು ಸಾಹಿತ್ಯ ಚರಿತ್ರೆಗಳ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಪಾಠದಿಂದ ಕೈಬಿಟ್ಟ ಭಾಗ ಯಾವುದು, ಯಾರ ನೀತಿಯ ಹೆಸರಿನಲ್ಲಿ ಅದನ್ನು ಕೈಬಿಡಲಾಯಿತು ಎಂಬ ಪ್ರಶ್ನೆಯನ್ನು 1910ರಲ್ಲಿಯೇ ಕೇಳಿದ ಸಂಪಾದಕಿ ಎಂಬ ನೆಲೆಯಿಂದ ನೋಡಿದಾಗ, ಅವರ ಸಾಧನೆ ಗ್ರಂಥಸಂಪಾದನಾ ಶಾಸ್ತ್ರದ ಚರಿತ್ರೆಗೂ ಸಲ್ಲಬೇಕಾದುದು.