ಬಡವರ ಪ್ರಭುವಾದ ಶಾಫ್ಟ್ಸ್‌ಬರಿ

ಒಳ್ಳೆಯ ಕಾರ್ಯವನ್ನು ಆರಂಭಿಸುವವರು ಅನೇಕರು. ಕಡೇವರೆಗೆ ತಾಳಿಕೊಳ್ಳುವವರು ಕೆಲವರೇ. ಹಾಗೆ ತಾಳಿಕೊಂಡವನೊಬ್ಬನ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಆಂಟನಿ ಆಶ್ಲಿ ಕೂಪರನು 1801ನೇ ಇಸವಿ ಏಪ್ರಿಲ್ 28ರಂದು ಲಂಡನ್ ಪಟ್ಟಣದಲ್ಲಿ ಜನಿಸಿದನು. ಆತನದು ಇಂಗ್ಲೆಂಡ್ ದೇಶದ ಹೆಸರಾದ ಪ್ರಭುವಂಶ. ಮನೆಯಲ್ಲಿ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ. ಪ್ರೀತಿಗೆ ಮಾತ್ರ ಬರಗಾಲವಿತ್ತು. ತಂದೆತಾಯಿಗಳು ಮಕ್ಕಳ ಕಡೆಗೆ ಕಠಿಣರಾಗಿದ್ದರು. ಆದರೆ ಆ ಮನೆಯ ಸೇವಕಿಯಾದ ಮರಿಯ ಮಿಲ್ಲಿಸ್ ಎಂಬಾಕೆಯು ಹುಡುಗನಿಗೆ ಸತ್ಯವೇದದ ಕಥೆಗಳನ್ನು ಹೇಳಿ, ಪ್ರಾರ್ಥನೆಮಾಡುವದಕ್ಕೆ ಕಲಿಸಿದಳು. ಆತನು ಇನ್ನೂ ಬಾಲಕನಾಗಿರುವಾಗಲೇ ಆಕೆ ತೀರಿಹೋದಳು. ತನ್ನ ಚಿನ್ನದ ಗಡಿಯಾರವನ್ನು ಆಕೆ ಆತನ ಹೆಸರಿಗೆ ಬಿಟ್ಟಿದ್ದಳು.

ಆಶ್ಲಿಯು ಹ್ಯಾರೋ ಎಂಬ ಊರಿನ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ದಿನ ಒಬ್ಬ ಬಡವನ ಶವವನ್ನು ಹೊತ್ತುಕೊಂಡು ಹೋಗುವದನ್ನು ಕಂಡನು. ಹೊತ್ತವರು ಕುಡಿದು ತೂರಾಡುತ್ತ ಪೆಟ್ಟಿಗೆಯನ್ನು ಬೀದಿಯಲ್ಲಿ ಬೀಳಿಸಿಬಿಟ್ಟರು. ಬಡವನೆಂಬ ಕಾರಣದಿಂದಲೇ ಒಬ್ಬ ಮನುಷ್ಯನು ಹೀಗೆ ಹೀನನಾದನಲ್ಲಾ ಎಂದು ಹುಡುಗನ ಹೃದಯವು ಕಲಕಿಹೋಯಿತು. ದಿಕ್ಕಿಲ್ಲದವರ ಪಕ್ಷವನ್ನು ಹಿಡಿಯುವೆನೆಂದು ಆಗಲೇ ನಿಶ್ಚಯಿಸಿಕೊಂಡನು.

1826ರಲ್ಲಿ ಆತನು ಪಾರ್ಲಿಮೆಂಟಿನ ಕೆಳಸಭೆಗೆ ಸೇರಿದನು. ಮೊದಲು ಆತನ ಕಣ್ಣಿಗೆ ಬಿದ್ದವರು ಬುದ್ಧಿಭ್ರಮಣೆಯಾದವರು. ಆ ಕಾಲದಲ್ಲಿ ಅಂಥವರನ್ನು ಸರಪಣಿಗಳಿಂದ ಬಿಗಿದು, ಹುಲ್ಲಿನ ಮೇಲೆ ಕೆಡವಿಡುತ್ತಿದ್ದರು. 1828ರಲ್ಲಿ ಇವರ ವಿಷಯವಾಗಿ ಕಾನೂನಾಯಿತು. 1845ರಲ್ಲಿ ಇವರ ವಿಚಾರಣೆಗೆಂದು ಮಂಡಲಿಯೊಂದು ಏರ್ಪಟ್ಟಾಗ ಆತನು ಅದರ ಅಧ್ಯಕ್ಷನಾಗಿ, 40 ವರುಷ ಆ ಭಾರವನ್ನು ಹೊತ್ತನು.

ಇನ್ನು ಗಿರಣಿಗಳ ಸಂಗತಿ. ನೂಲುವ ಗಿರಣಿಗಳಲ್ಲಿ ಎಳೆಯ ಮಕ್ಕಳು ಮುಂಜಾನೆಯಿಂದ ರಾತ್ರಿಯ ವರೆಗೆ ದುಡಿದು, ನಿದ್ದೆಯ ಮಂಪರಿನಲ್ಲಿ ಯಂತ್ರಕ್ಕೆ ಸಿಕ್ಕಿ ಅಂಗಹೀನರಾಗುತ್ತಿದ್ದರು. ಈ ಎಳೆಯರ ದುಡಿಮೆ ದಿನಕ್ಕೆ 10 ತಾಸುಗಳನ್ನು ಮೀರಬಾರದೆಂದು ಆಶ್ಲಿಯು 1833ರಲ್ಲಿ ಮಸೂದೆಯನ್ನು ತಂದನು. ಗಿರಣಿಯ ಯಜಮಾನರು ಎದ್ದು ನಿಂತರು. ವ್ಯಾಪಾರವು ಹಾಳಾಗುವದೆಂದು ಕೂಗಿದರು. ಸರಕಾರವು ಬೇರೊಂದು ಕಾನೂನನ್ನು ಮಾಡಿ, 9 ವರುಷದೊಳಗಿನ ಮಕ್ಕಳನ್ನು ಹೆಚ್ಚಿನ ಗಿರಣಿಗಳಿಂದ ಬಿಡಿಸಿತು. 10 ತಾಸಿನ ಕೋರಿಕೆಯು ಹಾಗೆಯೇ ಉಳಿಯಿತು. 1841ರಲ್ಲಿ ಮುಖ್ಯಮಂತ್ರಿಯಾದ ಪೀಲನು ಆತನಿಗೆ ಅರಮನೆಯ ಉದ್ಯೋಗವನ್ನು ಕೊಡಲು ಬಂದನು. ಅದನ್ನು ಹಿಡಿದರೆ ಮಕ್ಕಳ ಪರವಾಗಿ ಬಾಯಿಬಿಡುವದಕ್ಕಾಗದೆಂದು ಆತನು ಒಲ್ಲೆನೆಂದನು.

ಮರುವರುಷ ಕಲ್ಲಿದ್ದಲಿನ ಗಣಿಗಳ ಗುಟ್ಟು ಹೊರಬಿತ್ತು. ಐದಾರು ವರುಷದ ಕೂಸುಗಳು ಕತ್ತಲೆಯಲ್ಲಿ ಒಂಟಿಯಾಗಿ ಕೂತು ಬಾಗಿಲು ಕಾಯುತ್ತಿದ್ದವು. ಹೆಂಗಸರು ಪಶುಗಳಂತೆ ಸೊಂಟಕ್ಕೆ ಸರಪಣಿ ಕಟ್ಟಿಕೊಂಡು ಬಂಡಿಗಳನ್ನು ಎಳೆಯುತ್ತಿದ್ದರು. ಆಶ್ಲಿಯ ಪ್ರಯತ್ನದಿಂದ 1842ರಲ್ಲಿ ಸ್ತ್ರೀಯರೂ 10 ವರುಷದೊಳಗಿನ ಗಂಡುಮಕ್ಕಳೂ ನೆಲದಡಿಯಲ್ಲಿ ದುಡಿಯಬಾರದೆಂದು ಕಾನೂನಾಯಿತು.

ಈಗ ಆತನಿಗೆ ಕಠಿಣವಾದ ಶೋಧನೆ ಬಂದಿತು. ಹೊರದೇಶದ ಧಾನ್ಯದ ಮೇಲಣ ಸುಂಕವು ಇರಬೇಕೆಂಬ ಪಕ್ಷದವನಾಗಿ ಆತನು ಡಾರ್ಸೆಟ್ ಸೀಮೆಯಿಂದ ಆರಿಸಲ್ಪಟ್ಟಿದ್ದನು. ಆದರೆ ಆ ಸುಂಕವನ್ನು ತೆಗೆದುಹಾಕುವದೇ ನ್ಯಾಯವೆಂದು ಆತನ ಮನಸ್ಸಿಗೆ ತೋರಿತು. ಆರಿಸಿದವರಿಗೆ ಮೋಸಮಾಡಬಾರದೆಂದು 1846ರಲ್ಲಿ ತನ್ನ ಸ್ಥಾನವನ್ನೇ ಬಿಟ್ಟುಕೊಟ್ಟನು. ಮರುವರುಷ 10 ತಾಸಿನ ಕಾನೂನು ಅಂಗೀಕಾರವಾದಾಗ, 14 ವರುಷ ಅದಕ್ಕಾಗಿ ಹೋರಾಡಿದ ಆಶ್ಲಿಯು ಸಭೆಯಲ್ಲಿರಲಿಲ್ಲ; ಫೀಲ್ಡನ್ ಎಂಬಾತನು ಅದನ್ನು ನಡಿಸಿದನು. ಬಿತ್ತಿದವನೊಬ್ಬ, ಕೊಯ್ದವನೊಬ್ಬ. ಆದರೂ ಮಕ್ಕಳಿಗೆ ಬಿಡುಗಡೆಯಾಯಿತಲ್ಲಾ ಎಂದು ಆತನು ದೇವರನ್ನು ಸ್ತುತಿಸಿದನು.

ಆತನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಸಾಮಾನ್ಯರಿಗೆ ಹೆಚ್ಚಾಗಿ ಓಟಿನ ಹಕ್ಕು ಕೊಡುವದನ್ನು ಆತನು ವಿರೋಧಿಸಿದನು. ಗಿರಣಿಯ ಮಕ್ಕಳಿಗಾಗಿ ಅಳುವವನು ತನ್ನ ತಂದೆಯ ಜಮೀನಿನ ಕೂಲಿಯಾಳುಗಳ ಗುಡಿಸಲುಗಳನ್ನು ನೋಡಲೆಂದು ಎದುರಾಳಿಗಳು ಹಂಗಿಸಿದರು. ಆ ಮಾತಿನಲ್ಲಿ ಸತ್ಯವಿತ್ತು. 1851ರಲ್ಲಿ ತಂದೆಯು ತೀರಿಹೋಗಿ ಶಾಫ್ಟ್ಸ್‌ಬರಿಯ ಪ್ರಭುಪದವಿಯು ಆತನಿಗೆ ಬಂದಾಗ, ಆಸ್ತಿಯ ಸಂಗಡ ಸಾಲವೂ ಬಂದಿತು. ಆದಾಗ್ಯೂ ಮನೆಯ ಚಿತ್ರಪಟಗಳನ್ನು ಮಾರಿ, ಸಾಲಮಾಡಿ, ಆಳುಗಳಿಗೆ ಒಳ್ಳೆಯ ಮನೆಗಳನ್ನು ಕಟ್ಟಿಸಿದನು.

ಚಿಂದಿಬಟ್ಟೆಯ ಮಕ್ಕಳಿಗಾಗಿ ನಡೆದ ಧರ್ಮಶಾಲೆಗಳ ಸಂಘಕ್ಕೆ ಆತನು 1844ರಿಂದ ಮುಖ್ಯಸ್ಥನಾಗಿದ್ದನು. ಶ್ರೀಮಂತರ ಮನೆಯ ಹೊಗೆಗೂಡುಗಳೊಳಗೆ ಹತ್ತಿ ಮಸಿ ಗುಡಿಸುತ್ತಿದ್ದ ಹುಡುಗರಿಗಾಗಿ ಆತನು ಬಹುಕಾಲ ಹೋರಾಡಿದನು. 1840ರ ಕಾನೂನನ್ನು ಜನರು ಲಕ್ಷಿಸಲಿಲ್ಲ. 1875ರಲ್ಲಿಯೇ ಆ ಕ್ರೂರತನವು ನಿಂತಿತು. ಲಂಡನ್ ಬೀದಿಗಳಲ್ಲಿ ತಳ್ಳುಬಂಡಿಯಿಂದ ಕಾಯಿಪಲ್ಯ ಮಾರುವವರು ಆತನಿಗೆ ಪ್ರೀತಿಯಿಂದ ಒಂದು ಕತ್ತೆಯನ್ನು ಕಾಣಿಕೆಯಾಗಿ ಕೊಟ್ಟರು. ಪ್ರಭುವು ಅದನ್ನು ಸಂತೋಷದಿಂದ ಸ್ವೀಕರಿಸಿದನು. 1879ರಲ್ಲಿ, ತನ್ನ 78ನೇ ವರುಷದಲ್ಲಿ, ಹಿಂದೂದೇಶದ ಗಿರಣಿಗಳ ಮಕ್ಕಳಿಗಾಗಿಯೂ ಪ್ರಭುಗಳ ಸಭೆಯಲ್ಲಿ ಮಾತಾಡಿದನು. ತಮ್ಮ ವ್ಯಾಪಾರಕ್ಕೆ ಲಾಭವೆಂದು ಇಂಗ್ಲೆಂಡಿನ ಗಿರಣಿಯವರೂ ಇದನ್ನು ಬಯಸಿದ್ದುಂಟು. ಹೇಗೂ 1881ರಲ್ಲಿ ನಮ್ಮ ದೇಶದ ಮೊದಲ ಗಿರಣಿ ಕಾನೂನು ಹುಟ್ಟಿ, 7 ವರುಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು.

1885ನೇ ಇಸವಿ ಅಕ್ಟೋಬರ್ 1ರಂದು ಆತನು ಫೋಕ್‌ಸ್ಟನ್ ಎಂಬ ಊರಿನಲ್ಲಿ ನಿದ್ರೆಹೋದನು. ಲಂಡನಿನ ವೆಸ್ಟ್‌ಮಿನ್ಸ್ಟರ್ ದೇವಾಲಯದಲ್ಲಿ ಆರಾಧನೆಯಾದ ದಿನ, ಬೀದಿಯ ಎರಡು ಕಡೆಗಳಲ್ಲಿಯೂ ಬಡವರು ಗುಂಪುಗುಂಪಾಗಿ ಅಳುತ್ತ ನಿಂತಿದ್ದರು. ಒಬ್ಬ ಬಡವನ ಶವಕ್ಕಾಗಿ ಮರುಗಿದ ಹುಡುಗನಿಗೆ ಬಡವರೇ ಮರ್ಯಾದೆ ತೋರಿಸಿದರು. ಆತನ ದೇಹವನ್ನು ಸ್ವಂತ ಗ್ರಾಮದಲ್ಲಿಯೇ ಹೂಣಿಟ್ಟರು.

ಮರಿಯ ಮಿಲ್ಲಿಸಳ ಗಡಿಯಾರವನ್ನು ಆತನು ವೃದ್ಧಾಪ್ಯದ ತನಕ ಧರಿಸಿಕೊಂಡಿದ್ದನು. ಆಕೆ ಪಾರ್ಲಿಮೆಂಟನ್ನು ಕಂಡವಳಲ್ಲ, ಗಿರಣಿಯ ಮಾತನ್ನೂ ಆಡಿದವಳಲ್ಲ. ಒಂದು ಮಗುವಿಗೆ ಪ್ರಾರ್ಥನೆ ಕಲಿಸಿದಳು, ಅಷ್ಟೇ. ವಾಚಕರೇ, ನಮ್ಮ ಮನೆಯ ಜಗಲಿಯಲ್ಲಿ ಕೂತಿರುವ ಮಗುವನ್ನು ಅಲ್ಪವೆಂದೆಣಿಸದೆ ಇರೋಣ.