ರಕ್ತ ಸೋರಿದರೂ ಸೋಲದ ದೇಹ: ವಾಲ್ಟರ್ ಕ್ಯಾನನ್ ಶೋಧ

ಗುಂಡೇಟಿಗೆ ಬದುಕುಳಿದ ಸೈನಿಕ ಕೆಲವು ಗಂಟೆಗಳ ಬಳಿಕ ಬಿಳಿಚಿ, ಮೈ ತಣ್ಣಗಾಗಿ, ನಾಡಿ ಕ್ಷೀಣಿಸಿ ಸಾಯುವುದೇಕೆ? 1917ರಲ್ಲಿ ಫ್ರಾನ್ಸ್‌ನ ಯುದ್ಧಭೂಮಿಗೆ ತೆರಳಿದ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಬ್ರಾಡ್‌ಫರ್ಡ್ ಕ್ಯಾನನ್ ಅವರನ್ನು ಕಾಡಿದ ಪ್ರಶ್ನೆಯಿದು.

ಕ್ಯಾನನ್ ಜನಿಸಿದ್ದು 1871ರ ಅಕ್ಟೋಬರ್ 19ರಂದು, ವಿಸ್ಕಾನ್ಸಿನ್ ರಾಜ್ಯದಲ್ಲಿ. ಎಕ್ಸ್-ಕಿರಣ ಪತ್ತೆಯಾದ ಮರುವರ್ಷವೇ, ಹಾರ್ವರ್ಡ್‌ನ ವೈದ್ಯ ವಿದ್ಯಾರ್ಥಿಯಾಗಿದ್ದ ಅವರು ಅದರ ನೆರವಿನಿಂದ ಪ್ರಾಣಿಗಳ ಜೀರ್ಣಾಂಗದ ಚಲನೆಯನ್ನು ಕಂಡರು. ಬೆಕ್ಕು ಬೆದರಿದೊಡನೆ ಅದರ ಜಠರದ ಚಲನೆ ನಿಲ್ಲುತ್ತಿತ್ತು. ಈ ಸಣ್ಣ ಸುಳಿವು ಅವರನ್ನು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳತ್ತ ಒಯ್ದಿತು. ಅಪಾಯದ ಗಳಿಗೆಯಲ್ಲಿ ಈ ಗ್ರಂಥಿಗಳು ಸ್ರವಿಸುವ ಅಡ್ರಿನಲಿನ್ ಹಾರ್ಮೋನು ದೇಹವನ್ನು ಹೋರಾಟಕ್ಕೆ ಅಣಿಗೊಳಿಸುತ್ತದೆ ಎಂದು 1915ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಗಾಯದಿಂದ ರಕ್ತ ಹರಿದುಹೋದಾಗಲೂ ಇದೇ ರಕ್ಷಣೆ ಜಾಗೃತವಾಗುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ. ಚರ್ಮ ಹಾಗೂ ಕರುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಉಳಿದ ರಕ್ತ ಮಿದುಳು ಮತ್ತು ಹೃದಯಕ್ಕೆ ಮೀಸಲಾಗುತ್ತದೆ. ಗಾಯಾಳುವಿನ ಮೈ ಬಿಳಿಚಿ ತಣ್ಣಗಾಗುವುದು ಈ ರಕ್ಷಣೆಗೆ ದೇಹ ತೆರುವ ಬೆಲೆ.

ಯುದ್ಧರಂಗದಲ್ಲಿ ಕ್ಯಾನನ್ ಅವರ ಎಲ್ಲ ಊಹೆಗಳೂ ನಿಜವಾಗಲಿಲ್ಲ. ರಕ್ತದಲ್ಲಿ ಆಮ್ಲೀಯತೆ ಹೆಚ್ಚುವುದೇ ಆಘಾತಕ್ಕೆ ಕಾರಣವೆಂದು ಭಾವಿಸಿ ಸೋಡಾ ದ್ರಾವಣ ನೀಡಿದರು. ಅದು ಆಘಾತದ ಫಲವೇ ಹೊರತು ಮೂಲವಲ್ಲ ಎಂಬುದು ಬಳಿಕ ತಿಳಿಯಿತು. ಜಜ್ಜಿದ ಸ್ನಾಯುಗಳ ವಿಷವೇ ಕಾರಣವೆಂಬ ಅವರ ಮತ್ತೊಂದು ವಾದವನ್ನು 1930ರ ಸುಮಾರಿಗೆ ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಗಳು ಅಲುಗಾಡಿಸಿದವು. ರಕ್ತ ಮತ್ತು ದ್ರವದ ನಷ್ಟವೇ ಮುಖ್ಯವೆಂದು ಅವು ತೋರಿದವು. ಆದರೆ ರಕ್ತಸ್ರಾವ ತಡೆಯುವ ಮುನ್ನ ರಕ್ತದೊತ್ತಡ ಏರಿಸಿದರೆ ಉಳಿದ ರಕ್ತವೂ ವ್ಯರ್ಥವಾದೀತು ಎಂದು 1918ರಲ್ಲಿ ಅವರಿತ್ತ ಎಚ್ಚರಿಕೆಯನ್ನು ವೈದ್ಯಲೋಕ ಇಂದಿಗೂ ಮನ್ನಿಸುತ್ತದೆ.

ದೇಹ ತನ್ನ ಒಳಸ್ಥಿತಿಯನ್ನು ಸಮತೋಲದಲ್ಲಿಡುವ ಈ ಗುಣಕ್ಕೆ 1926ರಲ್ಲಿ ಅವರು ಹೋಮಿಯೋಸ್ಟೇಸಿಸ್ ಎಂದು ಹೆಸರಿಟ್ಟರು. ಸಿಂಪಥೆಟಿಕ್ ನರಜಾಲವನ್ನು ತೆಗೆದ ಪ್ರಾಣಿಗಳು ಪ್ರಯೋಗಾಲಯದ ನೆಮ್ಮದಿಯಲ್ಲಿ ಬದುಕಿದವು. ಆದರೆ ರಕ್ತನಷ್ಟವನ್ನು ತಾಳಿಕೊಳ್ಳುವ ಶಕ್ತಿ ಅವುಗಳಲ್ಲಿ ಕುಂದಿತ್ತು.

ಅಡ್ರಿನಲಿನ್ ಒಂಟಿಯಲ್ಲ ಎಂಬುದು ಈಗ ಸ್ಪಷ್ಟ. ಪಿಟ್ಯುಟರಿಯಿಂದ ಹೊಮ್ಮುವ ವ್ಯಾಸೋಪ್ರೆಸ್ಸಿನ್ ನೀರನ್ನು ಉಳಿಸುತ್ತದೆ. ಮೂತ್ರಪಿಂಡದ ರೆನಿನ್‌ನಿಂದ ರೂಪುಗೊಳ್ಳುವ ಆಂಜಿಯೋಟೆನ್ಸಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅಲ್ಡೋಸ್ಟಿರೋನ್ ಉಪ್ಪನ್ನು ಹಿಡಿದಿಡುತ್ತದೆ. ಆದರೂ ಈ ಕಾವಲಿಗೆ ಮಿತಿಯಿದೆ. ರಕ್ತನಾಳಗಳ ಬಿಗಿತ ದೀರ್ಘವಾದರೆ ರಕ್ತ ಸಿಗದ ಅಂಗಗಳೇ ಸೊರಗುತ್ತವೆ.

1942ರಲ್ಲಿ ಹಾರ್ವರ್ಡ್‌ನಿಂದ ನಿವೃತ್ತರಾದ ಕ್ಯಾನನ್, 1945ರ ಅಕ್ಟೋಬರ್ 1ರಂದು ನಿಧನರಾದರು. ಯೌವನದಲ್ಲಿ ತಗುಲಿದ ಎಕ್ಸ್-ಕಿರಣಗಳೇ ಅವರ ಕೊನೆಯ ಕಾಯಿಲೆಗೆ ಕಾರಣವೆಂದು ನಂಬಲಾಗಿದೆ. ದೇಹದ ಕಾವಲನ್ನು ಲೋಕಕ್ಕೆ ತಿಳಿಸಿಕೊಟ್ಟವರನ್ನು, ಅವರ ಶೋಧಕ್ಕೆ ದಾರಿ ತೋರಿದ ಕಿರಣವೇ ಬಲಿತೆಗೆದುಕೊಂಡಿತು.