ಕೆಂಗಲ್ ಹನುಮಂತಯ್ಯನವರೂ ನ್ಯಾಯಾಧಿಪತಿಯ ವಿವೇಚನೆಯೂ

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಶ್ರೀ ಕೆಂಗಲ್ ಹನುಮಂತಯ್ಯನವರು ವಿಧಾನಸೌಧವನ್ನು ಕಟ್ಟಿಸಿದವರೆಂಬುದನ್ನು ವಾಚಕರು ಬಲ್ಲರು. ಅವರು ಮೊದಲು ವಕೀಲರಾಗಿದ್ದರೆಂಬುದನ್ನು ನಾವು ಇಂದು ನೆನಪಿಗೆ ತರಲಿಚ್ಛಿಸುತ್ತೇವೆ.

ಪುಣೆಯಲ್ಲಿ ನ್ಯಾಯಶಾಸ್ತ್ರವನ್ನು ಕಲಿತು 1933ರಲ್ಲಿ ವಕೀಲಿಗೆ ನಿಂತ ಅವರು ಸ್ವಾತಂತ್ರ್ಯ ಚಳವಳಿಯಲ್ಲಿ ಅನೇಕ ಬಾರಿ ಸೆರೆವಾಸವನ್ನು ಅನುಭವಿಸಿದರು. ಅನಂತರ ರಾಜ್ಯಾಂಗ ರಚನಾಸಭೆಯ ಸದಸ್ಯರಾದರು. ಅಲ್ಲಿ ಸಿದ್ಧವಾದ ಕರಡು ಪರದೇಶದ ಮಾದರಿಗಳನ್ನು ಹೆಚ್ಚಾಗಿ ಅನುಸರಿಸಿತೆಂದು ಅವರು ಕೊರಗಿದುದುಂಟು. ಆದರೂ ಆರೋಪಿಗೆ 20, 21, 22ನೆಯ ವಿಧಿಗಳ ರಕ್ಷಣೆಯನ್ನಿತ್ತುದು ಅದೇ ಸಭೆ. 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿ ಅವರು ಉಚ್ಚ ನ್ಯಾಯಾಲಯದ ಕಟ್ಟಡದ ಎದುರಿನಲ್ಲಿಯೇ ವಿಧಾನಸೌಧವನ್ನು ಎಬ್ಬಿಸಿದರು. 1970ರಲ್ಲಿ ಕೇಂದ್ರದ ಕಾನೂನು ಮಂತ್ರಿಗಳಾದರು. ಆ ವರ್ಷದ ಡಿಸೆಂಬರಿನಲ್ಲಿ ಮಾಜಿ ಅರಸರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಸರ್ಕಾರದ ವಿರುದ್ಧವೇ ತೀರ್ಪಿತ್ತಿತು. ಹಕ್ಕಿನ ಮೊರೆಗೆ ಸರ್ಕಾರವೂ ಉತ್ತರ ಹೇಳಲೇಬೇಕೆಂಬುದನ್ನು ಅವರು ಅಧಿಕಾರದಲ್ಲಿದ್ದುಕೊಂಡೇ ಕಂಡರು. 1980ರಲ್ಲಿ ನಿಧನರಾದರು.

ಆದರೆ ಆ ಮೊರೆಯನ್ನು ಎಷ್ಟು ಹೊತ್ತು, ಯಾವ ಹಂತದಲ್ಲಿ ಕೇಳಬೇಕು? ಇಲ್ಲಿಯೇ ನ್ಯಾಯಾಧಿಪತಿಯ ವಿವೇಚನೆಗೆ ಕೆಲಸ. ಆರೋಪಿಯು ಒಂದು ಕಾಯಿದೆಯೇ ಅಸಿಂಧುವೆಂದು ವಾದಿಸಿದ ಮಾತ್ರಕ್ಕೆ ವಿಚಾರಣೆ ನಿಲ್ಲತಕ್ಕುದಲ್ಲ. ಆ ಪ್ರಶ್ನೆಯ ತೀರ್ಮಾನವಿಲ್ಲದೆ ಮೊಕದ್ದಮೆ ಮುಗಿಯದೆಂದು ಕೆಳಗಿನ ನ್ಯಾಯಾಧಿಪತಿಗೆ ಮನವರಿಕೆಯಾಗಬೇಕು; ಕಾಯಿದೆ ಅಸಿಂಧುವೆಂದು ಸ್ವತಃ ಅವರಿಗೇ ತೋರಬೇಕು; ಮೇಲಿನ ನ್ಯಾಯಾಲಯಗಳು ಹಾಗೆಂದು ಮೊದಲೇ ಸಾರಿರಬಾರದು. ಆಗ ಕಾರಣಗಳನ್ನು ಬರೆದು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಬೇಕು. 1973ರ ದಂಡಪ್ರಕ್ರಿಯಾ ಸಂಹಿತೆಯ 395ನೆಯ ಕಲಮಿನಲ್ಲಿದ್ದ ಈ ಕ್ರಮವು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಉತ್ತರ ಬರುವವರೆಗೆ ಆರೋಪಿ ಸೆರೆಯಲ್ಲಿರಬೇಕೋ ಜಾಮೀನಿನ ಮೇಲೆ ಹೊರಗಿರಬೇಕೋ ಎಂಬುದೂ ಅದೇ ನ್ಯಾಯಾಧಿಪತಿಯ ಕೈಯಲ್ಲಿದೆ.

ಈ ಅಧಿಕಾರವು ಎರಡಲಗಿನ ಕತ್ತಿ. ಕಡಿವಾಣವಿಲ್ಲದಿದ್ದರೆ ಹಣವಂತನ ವಕೀಲನು ಹಕ್ಕಿನ ಹೆಸರಿನಲ್ಲಿ ವರುಷಗಳನ್ನು ನುಂಗುವನು, ಸಾಕ್ಷಿಗಳು ಚದರಿಹೋಗುವರು. ಕಡಿವಾಣ ಬಿಗಿಯಾದರೆ ವಕೀಲನನ್ನು ಇಡಲಾರದ ಬಡವನ ಮಾತು ಬಾಯಲ್ಲೇ ಉಳಿದು, ಅವನು ಸೆರೆಯಲ್ಲಿ ಕೊಳೆಯುವನು.

ಆದುದರಿಂದ ನಾವು ಬೇಡುವುದಿಷ್ಟೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನ್ಯಾಯಪೀಠಗಳಲ್ಲಿ ಇಂತಹ ಮೊರೆ ಬಂದಾಗ ಕೇಳಿದುದಕ್ಕೂ ಕೇಳದೆ ಬಿಟ್ಟುದಕ್ಕೂ ಕಾರಣವು ಬರೆವಣಿಗೆಯಲ್ಲಿರಲಿ. ಕಾರಣ ಹೇಳುವ ವಿವೇಚನೆಯು ನ್ಯಾಯ; ಹೇಳದ ವಿವೇಚನೆಯು ಬರಿಯ ದರ್ಬಾರು. ವಕೀಲರೂ ಸೆರೆಯಾಳೂ ಮಂತ್ರಿಯೂ ಆಗಿದ್ದ ಹನುಮಂತಯ್ಯನವರ ಜೀವನದಿಂದ ಅವರ ನಾಡಿನವರಾದ ನಾವು ಕಲಿಯಬೇಕಾದ ಪಾಠವು ಇದೇ ಎಂದು ನಂಬಿದ್ದೇವೆ.